ವೆಲ್ಡರುಗಳ ಗಂಟೆಯ ದರಕ್ಕೆ ನಾವಿಬ್ಬರು ಸೇರಿಸಿದ್ದು

ಆ ಸೋಮವಾರ ಬೆಳಿಗ್ಗೆ ನಮ್ಮ ಡೈರೆಕ್ಟರ್ ತಾವೇ ನನ್ನ ಮೇಜಿನ ತನಕ ನಡೆದು ಬಂದರು. ಹನ್ನೊಂದು ವರ್ಷದಲ್ಲಿ ಅವರು ಹೀಗೆ ನಮ್ಮ ಸಾಲಿಗೆ ಬಂದದ್ದು ಅದು ಎರಡನೆಯ ಸಲ. ಮೊದಲ ಸಲ ಬಂದು ಹೋದ ಮೇಲೆ ನನ್ನ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಹಾಗಾಗಿ ಅವರ ಹೆಜ್ಜೆ ಕೇಳಿಸಿದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ, ಡ್ರಾಯರಿನಲ್ಲಿದ್ದ ನನ್ನ ಸ್ವಂತ ಸಾಮಾನು ಒಂದೇ ಚೀಲದಲ್ಲಿ ಹಿಡಿಸುತ್ತದೆಯೇ ಎಂದು ಮನಸ್ಸಿನಲ್ಲೇ ಅಳೆದದ್ದು. ಹಿಡಿಸುತ್ತಿತ್ತು. ಹನ್ನೊಂದು ವರ್ಷಕ್ಕೆ ಒಂದು ಮಗ್, ಒಂದು ಸ್ವೆಟರ್, ಅರ್ಧ ಡಬ್ಬಿ ಚಕ್ಕುಲಿ.

"ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಿ? ಕೆಲಸ ಕೊಡೋಕೆ ಬಂದೆ," ಅಂದರು. ಅವರು ಆಡಿದ್ದು ಇಂಗ್ಲಿಷ್. ನನಗೆ ಭಯವಾದಾಗ ಎಲ್ಲರೂ ನನ್ನ ತಲೆಯೊಳಗೆ ಮೈಸೂರು ಕನ್ನಡದಲ್ಲೇ ಮಾತಾಡುತ್ತಾರೆ, ಆದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತಿದ್ದೇನೆ.

ನಮ್ಮದು ವಾಹನಗಳ ಬಾಡಿ ಕಟ್ಟುವ ಕಂಪನಿ. ಎಂಜಿನ್ನು, ಚಾಸಿ ಬೇರೆಯವರದು. ಅದರ ಮೇಲೆ ಕೂರುವ ಅಲ್ಯೂಮಿನಿಯಂ ಪೆಟ್ಟಿಗೆ ನಮ್ಮದು. ಆಂಬುಲೆನ್ಸ್, ಪಾರ್ಸೆಲ್ ಟ್ರಕ್ಕು, ತಂಪು ಪೆಟ್ಟಿಗೆಯ ಹಾಲಿನ ವಾಹನ ಎಲ್ಲದಕ್ಕೂ ಪೆಟ್ಟಿಗೆ ಬೇಕಲ್ಲ. ಒಂದು ಫ್ಯಾಕ್ಟರಿ ಮತ್ತು ಹೆಡ್ ಆಫೀಸು ಮಿಷಿಗನ್‌ನಲ್ಲಿ, ನೋವೈ ಊರಿನಿಂದ ಇಪ್ಪತ್ತು ನಿಮಿಷ. ಇನ್ನೊಂದು ಫ್ಯಾಕ್ಟರಿ ಇಲಿನಾಯ್‌ನಲ್ಲಿ, ಪ್ಲೇನ್‌ಫೀಲ್ಡ್‌ನ ಆಚೆ. ಮುಂದಿನ ವರ್ಷಗಳಲ್ಲಿ ಒಂದು ಗಂಟೆಯ ದುಡಿಮೆಗೆ ಕಂಪನಿ ಒಟ್ಟು ಎಷ್ಟು ಕೊಡಬೇಕಾದೀತು ಎಂದು ಮೊದಲೇ ಅಂದಾಜು ಮಾಡುವುದು ನನ್ನ ಕೆಲಸ. ಸಂಬಳ, ಆರೋಗ್ಯ ವಿಮೆ, ನಿವೃತ್ತಿಯ ಪಾಲು, ಸಂಬಳಸಹಿತ ರಜೆ, ಓವರ್‌ಟೈಮ್ ಎಲ್ಲವನ್ನೂ ಹೊರಿಸಿದ ಮೇಲೆ ಬರುವ ಗಂಟೆಯ ದರಕ್ಕೆ ನಮ್ಮಲ್ಲಿ ಲೋಡೆಡ್ ರೇಟ್ ಅನ್ನುತ್ತಾರೆ. ನಾಳೆ ಏನಾಗುತ್ತದೋ ಎಂದು ಯೋಚಿಸುತ್ತ ಕೂರುವುದಕ್ಕೆ ಸಂಬಳ ಕೊಡುತ್ತಾರೆಂದು ತಿಳಿದಾಗ, ಇದು ನನಗೆಂದೇ ಸೃಷ್ಟಿಯಾದ ಕೆಲಸ ಅನ್ನಿಸಿತ್ತು.

ಡೈರೆಕ್ಟರ್ ಕೊಟ್ಟ ಕೆಲಸ ಇಷ್ಟು. ಇಲಿನಾಯ್ ಫ್ಯಾಕ್ಟರಿಯಲ್ಲಿ ಪೆಟ್ಟಿಗೆಯ ಅಕ್ಕಪಕ್ಕದ ಗೋಡೆಗಳನ್ನು ಬೆಸೆಯುವ ಸೈಡ್ ಪ್ಯಾನೆಲ್ ಲೈನ್ ಇದೆ. ಎರಡು ಪಾಳಿಗಳಲ್ಲಿ ಅರವತ್ತನಾಲ್ಕು ಜನ. ದಕ್ಷಿಣದ ರಾಜ್ಯವೊಂದರ ಸಪ್ಲೈಯರ್, ಅದೇ ಗೋಡೆಗಳನ್ನು ಮಾಡಿ ಬಾಗಿಲಿಗೆ ತಂದು ಇಳಿಸುತ್ತೇವೆ ಎಂದು ಕೊಟೇಶನ್ ಕೊಟ್ಟಿದ್ದ. ಮುಂದಿನ ಮೂರು ವರ್ಷದೊಳಗೆ ನಮ್ಮ ಖರ್ಚು ಅವನ ಬೆಲೆಯನ್ನು ದಾಟುವುದಾದರೆ ಲೈನ್ ಮುಚ್ಚುವುದು; ದಾಟದಿದ್ದರೆ ಇಟ್ಟುಕೊಳ್ಳುವುದು. ಅದನ್ನು ತೀರ್ಮಾನಿಸುವ ಕಮಿಟಿ ಮುಂದಿನ ವಾರದ ಶುಕ್ರವಾರ.

"ಸಾಮಾನಿನ ಬೆಲೆ, ಕರೆಂಟು, ಸಾಗಾಟ ಎಲ್ಲಾ ಬೇರೆಯವರು ಲೆಕ್ಕ ಹಾಕಿದ್ದಾರೆ. ಕೂಲಿ ಒಂದೇ ಬಾಕಿ. ಕಮಿಟಿ ನೋಡೋದು ನಿಮ್ಮ ಗೆರೆ ಎಲ್ಲಿ ದಾಟತ್ತೆ ಅಂತ ಅಷ್ಟೇ," ಅಂದರು.

ಅವರು ಹೋದ ಮೇಲೆ ಒಂದು ಚಕ್ಕುಲಿ ತಿಂದೆ. ಅರ್ಧ ಪುಡಿಯಾಗಿ ಕೀಬೋರ್ಡಿನೊಳಗೆ ಹೋಯಿತು.

ಮಿಷಿಗನ್ ಫ್ಯಾಕ್ಟರಿಯ ಅಂಕಿಗಳು ಹೆಡ್ ಆಫೀಸಿನ ಕಂಪ್ಯೂಟರಿನಿಂದ ನೇರವಾಗಿ ನನ್ನ ಶೀಟಿಗೆ ಇಳಿಯುತ್ತವೆ. ಇಲಿನಾಯ್‌ನವು ಹಾಗಲ್ಲ; ಆ ಫ್ಯಾಕ್ಟರಿಯನ್ನು ನಾವು ಕೊಂಡದ್ದು ಆಮೇಲೆ, ಅಲ್ಲಿಯದು ಹಳೆಯ ವ್ಯವಸ್ಥೆ. ಅಲ್ಲಿಯ ಇಂಡಸ್ಟ್ರಿಯಲ್ ಎಂಜಿನಿಯರ್ ಕೈಯಾರೆ ಫೈಲ್ ತಯಾರಿಸಿ ಕಳಿಸಬೇಕು. ಆತ ಬಾಗಲಕೋಟೆ ಕಡೆಯವನು, ಪ್ಲೇನ್‌ಫೀಲ್ಡ್‌ನಲ್ಲಿ ಮನೆ, ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಇನ್ನೂ ಕೆಲಸದ ವೀಸಾದಲ್ಲೇ ಇದ್ದಾನೆ. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಎರಡು ತಿಂಗಳು, ಇಲ್ಲವೆಂದರೆ ಗಂಟುಮೂಟೆ.

ಫೋನ್ ಮಾಡಿದೆ.

"ಏನ್ರೀ ಸರ್, ಆರಾಮ್ ಅದೀರಿ? ನಿಮ್ಮ ಫೋನ್ ಬಂತಂದ್ರ ನನಗ ಎದಿ ಧಡಧಡ ಅಂತದ ನೋಡ್ರಿ."

"ನನಗೂ ಅಷ್ಟೇ ಕಣಪ್ಪ, ಮಾಡೋ ಮುಂಚೆ. ಸೈಡ್ ಪ್ಯಾನೆಲ್ ಲೈನಿನ ಹಿಂದಿನ ಐದು ವರ್ಷದ ಲೋಡೆಡ್ ರೇಟ್ ಬೇಕು."

"ಆ ಸಪ್ಲೈಯರ್ ಸುದ್ದಿ ಖರೇ ಏನ್ರಿ ಹಂಗಾರ?"

"ನಾನು ಹೇಳೋ ಹಾಗಿಲ್ಲ."

"ಹೇಳಿದ್ರಿ ಬಿಡ್ರಿ," ಎಂದು ನಕ್ಕ. ಆ ನಗುವಿನಲ್ಲಿ ನಗು ಇರಲಿಲ್ಲ. ಮರುದಿನ ಮಧ್ಯಾಹ್ನದೊಳಗೆ ಫೈಲ್ ಬಂತು.

ಮೂರು ದಿನ ಅದರ ಮೇಲೆ ಕೂತೆ. ಇಂಥ ಮುನ್ನಂದಾಜಿಗೆ ಎರಡು ಆಧಾರಗಳಿರುತ್ತವೆ. ಒಂದು, ವಾಹನದ ಬಾಡಿ ಕಟ್ಟುವ ಉದ್ಯಮದಲ್ಲಿ ಕಾರ್ಮಿಕರಿಗೆ ಸಿಗುವ ಒಟ್ಟು ಸಂಬಳ-ಸವಲತ್ತು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಎಂದು ಸರ್ಕಾರ ಪ್ರಕಟಿಸುವ ಸರಣಿ. ಇನ್ನೊಂದು, ಫ್ಯಾಕ್ಟರಿಯದೇ ಇತಿಹಾಸ. ಸರ್ಕಾರದ ಸರಣಿಯಲ್ಲಿ ದೇಶದ ಎಲ್ಲ ಬಾಡಿ ಕಟ್ಟುವವರೂ ಸೇರಿರುತ್ತಾರೆ, ಅದು ದಾರಿಯ ದಿಕ್ಕು ತೋರಿಸುತ್ತದೆ, ಗುಂಡಿಗಳನ್ನು ತೋರಿಸುವುದಿಲ್ಲ. ಗುಂಡಿ ನೋಡಲು ಸ್ವಂತ ಇತಿಹಾಸ ಬೇಕು. ಕೊನೆಯ ಮೂರು ವರ್ಷದ ಏರಿಕೆಗೆ ಹೆಚ್ಚು ತೂಕ ಕೊಟ್ಟು, ಯೂನಿಯನ್ ಒಪ್ಪಂದದಲ್ಲಿ ಬರೆದಿರುವ ಏರಿಕೆಗಳನ್ನು ಅವುಗಳ ತಾರೀಖಿಗೇ ಕೂರಿಸಿ, ವಿಮೆಯನ್ನು ಬೇರೆ ಸಾಲಾಗಿ ಎಳೆದೆ.

ಕೊನೆಗೆ ನನ್ನ ಅಭ್ಯಾಸದಂತೆ ಪ್ರತಿ ವರ್ಷದ ಏರಿಕೆಗೂ ಅರ್ಧ ಪರ್ಸೆಂಟ್ ಸೇರಿಸಿದೆ. ಯಾರೂ ಕೇಳಿದ್ದಲ್ಲ, ಯಾವ ಪುಸ್ತಕದಲ್ಲೂ ಇರುವುದಲ್ಲ. ಇರಲಿ ಅಂತ. ಮನೆಗೆ ನಾಲ್ಕು ಜನರನ್ನು ಊಟಕ್ಕೆ ಕರೆದರೆ ಏಳು ಜನಕ್ಕೆ ಅಡುಗೆ ಮಾಡಿಸುವವನು ನಾನು. ಉಳಿದದ್ದನ್ನು ಮೂರು ದಿನ ತಿನ್ನುವವನೂ ನಾನೇ. ಕಡಿಮೆ ಹೇಳಿ ಆಮೇಲೆ ಖರ್ಚು ಜಾಸ್ತಿಯಾದರೆ ಬೈಯುತ್ತಾರೆ. ಜಾಸ್ತಿ ಹೇಳಿ ಕಡಿಮೆಯಾದರೆ ಯಾರೂ ಏನೂ ಅನ್ನುವುದಿಲ್ಲ, ಎಲ್ಲರೂ ಖುಷಿಯಾಗಿ ಮನೆಗೆ ಹೋಗುತ್ತಾರೆ. ಹನ್ನೊಂದು ವರ್ಷ ನನ್ನನ್ನು ಕಾಪಾಡಿದ ಸಿದ್ಧಾಂತವಿದು.

ಗೆರೆ ಎಳೆದಾಗ, ಹೋಲಿಕೆಗೆಂದು ಪಕ್ಕದಲ್ಲಿಟ್ಟ ಮಿಷಿಗನ್ ಮೆಲ್ಲಗೆ ಏರಿತು. ಇಲಿನಾಯ್ ಏಣಿ ಹಾಕಿದಂತೆ ಏರಿ, ಎರಡನೆಯ ವರ್ಷದ ನಡುವೆಯೇ ಸಪ್ಲೈಯರ್ ಬೆಲೆಯನ್ನು ದಾಟಿತು.

ಡ್ರಾಫ್ಟ್ ಕಳಿಸಿದೆ. ಡೈರೆಕ್ಟರ್ ಹತ್ತು ನಿಮಿಷದಲ್ಲಿ ಉತ್ತರ ಬರೆದರು: ಬಹಳ ಸ್ಪಷ್ಟವಾಗಿದೆ, ಕಮಿಟಿಗೆ ಈಗಲೇ ಕಳಿಸುತ್ತಿದ್ದೇನೆ.

ಸ್ಪಷ್ಟವಾಗಿದೆ ಅಂದದ್ದೇ ನನಗೆ ಅನುಮಾನ ಹುಟ್ಟಿಸಿತು. ಕೂಲಿಯ ಲೆಕ್ಕ ಎಂದೂ ಸ್ಪಷ್ಟವಾಗಿರುವುದಿಲ್ಲ. ಶನಿವಾರ, ಭಾನುವಾರ ಆ ಏಣಿಯನ್ನೇ ನೋಡಿದೆ. ಹಿಂದಿನ ನಾಲ್ಕು ವರ್ಷ ಸುಮ್ಮನೆ ನಡೆದುಕೊಂಡು ಬಂದದ್ದು ಐದನೆಯ ವರ್ಷ ಯಾಕೆ ಹೀಗೆ ನೆಗೆಯಿತು? ಯೂನಿಯನ್ ಒಪ್ಪಂದದಲ್ಲಿ ಆ ವರ್ಷ ದೊಡ್ಡ ಏರಿಕೆ ಇರಲಿಲ್ಲ. ಸೋಮವಾರ ಡೈರೆಕ್ಟರ್ ಹತ್ತಿರ, ಒಂದು ಸಲ ಅಲ್ಲಿಗೆ ಹೋಗಿ ಸಂಬಳದ ಮೂಲ ರಿಜಿಸ್ಟರ್ ಜೊತೆ ತಾಳೆ ನೋಡಿ ಬರುತ್ತೇನೆ ಅಂದೆ.

"ಕಳಿಸಿ ಆದಮೇಲಾ?" ಅಂದರು.

"ಸುಮ್ಮನೆ... ಸಮಾಧಾನಕ್ಕೆ."

"ನಿಮಗೆ ಸಮಾಧಾನ ಅನ್ನೋದು ಯಾವತ್ತಾದರೂ ಆಗಿದ್ಯಾ?" ಎಂದು ಕೇಳಿ, ಹೋಗಿ ಬರಲು ಒಪ್ಪಿದರು.

ಬುಧವಾರ ಬೆಳಿಗ್ಗೆ ಹೊರಟೆ. ಹೆಂಡತಿ ಗರಾಜಿನ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು. "ರೀ, ಲೇಕ್ ಪಕ್ಕದಲ್ಲಿ ಸ್ನೋ ಇದೆ ಅಂತಿದಾರೆ. ಬೇರೆಯವರ ಫೋರ್‌ಕಾಸ್ಟನ್ನೂ ಸ್ವಲ್ಪ ನಂಬಿ. ನಾಳೆ ಹೋದ್ರಾಗಲ್ವಾ?"

"ನಾಡಿದ್ದು ಕಮಿಟಿ ಕಣೇ."

ಮಗಳು ಹಿಂದಿನ ಸೀಟು ನೋಡಿ, "ಅಪ್ಪಾ, ಯು ಪ್ಯಾಕ್ಡ್ ಫೋರ್ ಜಾಕೆಟ್ಸ್. ಫಾರ್ ಟೂ ಡೇಸ್," ಅಂದಳು.

ಕಲಮಜೂ ಊರು ದಾಟಿ ಸರೋವರದ ಹತ್ತಿರ ಬರುವಷ್ಟರಲ್ಲಿ ಹೆದ್ದಾರಿ ಬೆಳ್ಳಗಾಗಿ ಕಾಣದಾಯಿತು. ಮುಂದಿನ ಟ್ರಕ್ಕಿನ ಎರಡು ಕೆಂಪು ದೀಪ ಬಿಟ್ಟರೆ ಬೇರೆ ಲೋಕವೇ ಇಲ್ಲ. ಗಂಟೆಗೆ ಇಪ್ಪತ್ತೈದು ಮೈಲಿಯಲ್ಲಿ, ಸ್ಟೀರಿಂಗನ್ನು ದೇವರ ಪಾದದಂತೆ ಎರಡೂ ಕೈಯಲ್ಲಿ ಹಿಡಿದು ಹೋದೆ. ಆ ದೀಪಗಳು ಇದ್ದದ್ದು ಅಲ್ಯೂಮಿನಿಯಂ ಪೆಟ್ಟಿಗೆಯ ಹಿಂಬದಿಯಲ್ಲಿ. ನಮ್ಮದೇ ಇರಬಹುದು, ಆ ಗೋಡೆಗಳನ್ನು ಬೆಸೆದವರೂ ಆ ಅರವತ್ತನಾಲ್ಕರಲ್ಲೇ ಇರಬಹುದು. ನಾಲ್ಕೂವರೆ ಗಂಟೆಯ ದಾರಿಗೆ ಏಳು ಗಂಟೆ ಹಿಡಿಯಿತು. ಇಲಿನಾಯ್ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ, ಅದೊಂದೇ ಆ ದಿನದ ಲಾಭ.

ಫ್ಯಾಕ್ಟರಿಯಲ್ಲಿ ನಮ್ಮ ಎಂಜಿನಿಯರ್ ನನ್ನನ್ನು ಮೊದಲು ಲೈನಿಗೇ ಕರೆದೊಯ್ದ. ಅಲ್ಯೂಮಿನಿಯಂ ಬೆಸುಗೆಯ ನೀಲಿ ಬೆಳಕು, ಸುಟ್ಟ ವಾಸನೆ, ಹಾಳೆ ಬಿದ್ದ ಸದ್ದು. ಲೈನಿನ ಲೀಡ್, ಅಂದರೆ ಮೇಸ್ತ್ರಿ, ಒಬ್ಬ ಹೆಂಗಸು, ಐವತ್ತೆಂಟರ ಹತ್ತಿರ ವಯಸ್ಸು, ಇಪ್ಪತ್ತಾರು ವರ್ಷದ ಸರ್ವಿಸು. ಮುಖದ ಶೀಲ್ಡ್ ಮೇಲೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಂಬರ್ ಮಾಡೋನು ನೀನೇನಾ?"

"ಹೌದು."

"ನಾವು ವರ್ಷಾವರ್ಷ ದುಬಾರಿ ಆಗ್ತಿದೀವಂತೆ. ಹೌದಾ?"

ಅಂದಾಜುಗಳ ಬಗ್ಗೆ ಏನೋ ತೊದಲಿದೆ. ಅವರು ಕೈಗವಸು ಬಿಚ್ಚಿದರು.

"ಇಲ್ಲಿ ಕೇಳು. ಹೋದ ವಾರ ಸೇರಿದೋರಿಗೂ ನನಗೂ ಗಂಟೆಗೆ ಈಗ ಅಂಥ ವ್ಯತ್ಯಾಸ ಇಲ್ಲ. ಜನ ಸಿಗಲ್ಲ ಅಂತ ಹೊಸಬರ ಸಂಬಳ ಏರಿಸಿದ್ರು, ನಮ್ಮದು ಹಾಗೇ ಕೂತಿದೆ. ಬಂದ ಏರಿಕೇನ ವಿಮೆ ನುಂಗತ್ತೆ. ನಾನು ಕಂಪನಿಗೆ ದುಬಾರಿ ಆಗ್ತಾನೇ ಇದೀನಿ, ನನ್ನ ಕೈಗೆ ಮಾತ್ರ ಅದು ಬರ್ತಾ ಇಲ್ಲ. ಆ ದುಡ್ಡು ಎಲ್ಲಿ ನಿಂತಿದೆ ಅಂತ ನಿನ್ನ ಶೀಟಿನಲ್ಲಿ ಕಂಡ್ರೆ ಹೇಳು."

ನನ್ನ ಇಡೀ ವೃತ್ತಿಯನ್ನು ಇಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ. ಉತ್ತರ ಗೊತ್ತಿತ್ತು: ಅದು ವಿಮೆಯ ಸಾಲಿನಲ್ಲಿ ನಿಂತಿತ್ತು. ಅವರು ಶೀಲ್ಡ್ ಇಳಿಸಿಕೊಂಡು ಮತ್ತೆ ಬೆಸೆಯಲು ಬಾಗಿದರು.

ಹೊರಗೆ ಇನ್ನೂ ಹಿಮ ಬೀಳುತ್ತಿತ್ತು. ನಮ್ಮ ಎಂಜಿನಿಯರ್, "ಹೋಟೆಲ್ ಗೀಟೆಲ್ ಏನ್ ಬ್ಯಾಡ್ರಿ, ಮನಿಗೆ ನಡ್ರಿ," ಎಂದು ಕರೆದುಕೊಂಡು ಹೋದ. ಅವನ ಹೆಂಡತಿ ಆಸ್ಪತ್ರೆಯ ಡ್ಯೂಟಿಯಲ್ಲಿದ್ದರು. ಅವನೇ ಫ್ರೀಜರಿನಿಂದ ತೆಗೆದ ರೊಟ್ಟಿ ಬಿಸಿ ಮಾಡಿ, ಎಣಗಾಯಿ ಪಲ್ಯ ಬಡಿಸಿದ. ಊಟದ ನಡುವೆ ನಾನು ಕೇಳಿದೆ, "ಅಲ್ಲಪ್ಪ, ಹೋದ ವರ್ಷದ ರೇಟು ಅಷ್ಟು ಯಾಕೆ ನೆಗೆದಿದೆ? ಒಪ್ಪಂದದಲ್ಲಿ ಅಷ್ಟಿಲ್ಲವಲ್ಲ."

"ಅದೇನ್ರಿ? ಹೋದ ವರ್ಷದ ವಿಮಾ ಬಿಲ್ ಇನ್ನೂ ಪೂರಾ ಬಂದಿರಲಿಲ್ರಿ. ಅದಕ್ಕ ಅಂದಾಜಲೆ ಹಾಕೀನಿ." ರೊಟ್ಟಿ ಮುರಿಯುತ್ತ ಸಹಜವಾಗಿ ಮುಂದುವರಿಸಿದ. "ಒಂದೀಟು ಹೆಚ್ಚಿಗೀನ ಇಟ್ಟೀನ್ರಿ. ಇರಲಿ ಅಂತ."

ನನ್ನ ಕೈ ತಟ್ಟೆಯಲ್ಲೇ ನಿಂತಿತು.

"ಎಷ್ಟು ಹೆಚ್ಚಿಗೆ?"

ಹೇಳಿದ. ಒಂದೀಟು ಅಲ್ಲ.

"ಫೈಲಿನಲ್ಲಿ ಎಲ್ಲೂ ಬರೆದಿಲ್ಲವಲ್ಲೋ!"

"ಅದನ್ಯಾರ ಬರೀತಾರ್ರಿ? ಕಡಿಮಿ ತೋರಿಸಿ ಮುಂದ ಜಾಸ್ತಿ ಆದ್ರ ನಮ್ಮ ಪ್ಲಾಂಟ್‌ನವ್ರಿಗೆ ಬೈಗಳ. ಜಾಸ್ತಿ ತೋರಿಸಿ ಕಡಿಮಿ ಬಂದ್ರ, ನೋಡ್ರಿ ನಮ್ಮ ಲೈನ್ ಎಷ್ಟ ಛಲೋ ನಡದದ ಅಂತ ಹೇಳಬೋದು. ಲೈನ್ ಉಳಸಾಕಂತಾನ ಇಟ್ಟೀನ್ರಿ ಅದನ್ನ."

ನನ್ನ ಮುಖ ನೋಡಿ ಅವನ ಮುಖವೂ ಬದಲಾಯಿತು. "ಯಾಕ್ರೀ ಸರ್? ನೀವೂ ಏನರ..."

"ನಾನೂ ಸೇರಿಸಿದೀನಿ. ನಿನ್ನದರ ಮೇಲೆ. ವರ್ಷಾ ವರ್ಷಾ."

ಅಮೆರಿಕದವರು ಯಾರಾದರೂ ಆ ಕುರ್ಚಿಯಲ್ಲಿದ್ದಿದ್ದರೆ ಇದು ಆಗುತ್ತಿರಲಿಲ್ಲ. ಬಿಲ್ ಬಂದಿಲ್ಲ ಎಂದು ಆ ಜಾಗವನ್ನು ಖಾಲಿ ಬಿಟ್ಟು, ಹಳದಿ ಬಣ್ಣ ಬಳಿದು ಕಳಿಸುತ್ತಿದ್ದರು. ನಾವಿಬ್ಬರೂ ಖಾಲಿ ಬಿಡುವ ಜನವಲ್ಲ. ಅವನು ಸೇರಿಸಿದ್ದು ಒಂದೇ ವರ್ಷದ ಒಂದೇ ಅಂಕಿಗೆ. ಆದರೆ ಅದು ಕೊನೆಯ ವರ್ಷದ್ದು. ಅಲ್ಲಿಂದಲೇ ನನ್ನ ಗೆರೆ ಹೊರಡುತ್ತದೆ, ಆದ್ದರಿಂದ ಬುಡ ಮೇಲೆದ್ದಿತು. ಕೊನೆಯ ವರ್ಷಗಳಿಗೆ ನಾನು ಹೆಚ್ಚು ತೂಕ ಕೊಟ್ಟಿದ್ದೆ, ಆದ್ದರಿಂದ ಗೆರೆ ಕಡಿದಾಯಿತು. ಆ ಕಡಿದಾದ ಗೆರೆಗೆ ಪ್ರತಿ ವರ್ಷವೂ ನನ್ನ ಅರ್ಧ ಪರ್ಸೆಂಟ್. ಲೈನನ್ನು ಕಾಪಾಡಲು ಅವನು ಹಾಕಿದ್ದು, ನನ್ನನ್ನು ಕಾಪಾಡಿಕೊಳ್ಳಲು ನಾನು ಹಾಕಿದ್ದು, ಎರಡೂ ಸೇರಿ ಅರವತ್ತನಾಲ್ಕು ಜನರ ಕೆಲಸವನ್ನು ಬಾಗಿಲಿನತ್ತ ತಳ್ಳುತ್ತಿದ್ದವು.

ಆತ ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ತೊಳೆದ. ಆಮೇಲೆ ತಿರುಗದೆಯೇ ಹೇಳಿದ, "ಸರ್, ನನ್ನ ಹೆಸರು ತರಬ್ಯಾಡ್ರಿ. ನಿಮಗ ಗೊತ್ತೈತಲ್ಲ ನನ್ನ ವೀಸಾದ ಕತಿ."

ನಾನು ಏನೂ ಮಾತು ಕೊಡಲಿಲ್ಲ. ಕೊಡುವ ಧೈರ್ಯ ಇರಲಿಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೆ ಫ್ಯಾಕ್ಟರಿಯ ಸಂಬಳದ ಕೋಣೆಯಲ್ಲಿ ಕೂತೆವು. ವಿಮೆಯ ಅಂತಿಮ ಬಿಲ್ ಹಿಂದಿನ ವಾರವೇ ಬಂದು ಟ್ರೇಯಲ್ಲಿ ಮಲಗಿತ್ತು. ನಿಜವಾದ ಅಂಕಿಯನ್ನು ಹಾಕಿದೆವು. ಐದು ವರ್ಷವನ್ನೂ ರಿಜಿಸ್ಟರಿನೊಂದಿಗೆ ತಿಂಗಳು ತಿಂಗಳಾಗಿ ತಾಳೆ ನೋಡಿದೆವು. ಉಳಿದ ನಾಲ್ಕು ಸರಿಯಾಗಿದ್ದವು. ಗೆರೆ ಮತ್ತೆ ಎಳೆದೆ. ಮೂರನೆಯ ವರ್ಷದ ಕೊನೆಗೆ, ಕೂದಲೆಳೆಯಷ್ಟು ದಾಟುತ್ತಿತ್ತು. ಇನ್ನು ಉಳಿದದ್ದು ನನ್ನ ಅರ್ಧ ಪರ್ಸೆಂಟ್.

ಅದನ್ನು ತೆಗೆಯುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅಂಗಿ ಇಲ್ಲದೆ ಹಿಮದಲ್ಲಿ ನಿಲ್ಲು ಅಂದಂತೆ. ವಿಮೆ ಇನ್ನಷ್ಟು ಏರಿದರೆ? ಮುಂದಿನ ಒಪ್ಪಂದದಲ್ಲಿ ಯೂನಿಯನ್ ಗಟ್ಟಿಯಾಗಿ ಕೂತರೆ? ಆಗ ಈ ಬೆತ್ತಲೆ ಅಂಕಿಯ ಕೆಳಗೆ ನನ್ನ ಸಹಿ ಇರುತ್ತದೆ. ಎರಡು ಸಲ ತೆಗೆದು, ಎರಡು ಸಲ ಹಾಕಿದೆ.

"ತಗೀರಿ ಸರ್," ಅಂದ ಎಂಜಿನಿಯರ್. "ನಂದು ನಾ ತಗದೀನಿ."

ತೆಗೆದೆ. ಗೆರೆ ನಾಲ್ಕನೆಯ ವರ್ಷವನ್ನೂ ದಾಟಿ, ಐದರಲ್ಲಿ ಹೋಗಿ ಸಪ್ಲೈಯರ್ ಬೆಲೆಯನ್ನು ಮುಟ್ಟಿತು.

ಈಗ ಡೈರೆಕ್ಟರಿಗೆ ಹೇಳಬೇಕು. ಹೇಳದೆ ಇರುವ ದಾರಿಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಡ್ರಾಫ್ಟ್ ಕಳಿಸಿಯಾಗಿದೆ, ಯಾರೂ ರಿಜಿಸ್ಟರ್ ತೆಗೆದು ನೋಡುವುದಿಲ್ಲ, ಲೈನ್ ಮುಚ್ಚಿದ ಮೇಲೆ ನನ್ನ ಅಂದಾಜು ತಪ್ಪೆಂದು ಸಾಬೀತು ಮಾಡಲು ಅಲ್ಲಿ ಲೈನೇ ಇರುವುದಿಲ್ಲ. ಅಷ್ಟು ಸುರಕ್ಷಿತವಾದ ತಪ್ಪು ನನ್ನ ಜೀವನದಲ್ಲಿ ಮತ್ತೆ ಸಿಗಲಾರದು. ಐವತ್ತೆರಡು ವಯಸ್ಸು, ಮಗಳಿಗೆ ಮುಂದಿನ ವರ್ಷ ಕಾಲೇಜು. ಸಂಬಳದ ಕೋಣೆಯ ಗಾಜಿನಾಚೆ ಊಟದ ಬೆಲ್ ಹೊಡೆಯಿತು. ಲೈನಿನವರು ಡಬ್ಬಿ ಹಿಡಿದು ಒಬ್ಬೊಬ್ಬರಾಗಿ ಗಾಜಿನ ಮುಂದೆ ಹಾದುಹೋದರು. ಎಣಿಸಬಾರದು ಅಂದುಕೊಂಡೇ ಎಣಿಸಿದೆ. ಮೂವತ್ತೆರಡು. ಇನ್ನರ್ಧ ಎರಡನೆಯ ಪಾಳಿಯವರು.

ಡೈರೆಕ್ಟರಿಗೆ ಫೋನ್ ಮಾಡಿದೆ.

"ನನ್ನ ಶೀಟ್ ತಪ್ಪು," ಅಂದೆ. ಪೀಠಿಕೆ ಸಿದ್ಧ ಮಾಡಿಕೊಂಡಿದ್ದೆ, ಅದು ಬಾಯಿಗೆ ಬರಲೇ ಇಲ್ಲ.

"ಎಷ್ಟು ತಪ್ಪು?"

"ಎರಡನೇ ವರ್ಷ ಅಂದಿದ್ದು ಐದನೇ ವರ್ಷ."

ಪೆನ್ನಿನಿಂದ ಮೇಜು ಬಡಿಯುವ ಸದ್ದು ಕೇಳಿಸುತ್ತಿತ್ತು.

"ಹೇಗೆ?"

"ಬಿಲ್ ಬರೋ ಮುಂಚೆ ಹಾಕಿದ ಒಂದು ಅಂದಾಜು ಇತ್ತು, ಅದು ಜಾಸ್ತಿ. ಅದರ ಮೇಲೆ ನಾನು ಪ್ರತಿ ವರ್ಷ ಅರ್ಧ ಪರ್ಸೆಂಟ್ ಸೇರಿಸಿದ್ದೆ. ರಿಜಿಸ್ಟರ್ ಜೊತೆ ತಾಳೆ ನೋಡದೆ ಕಳಿಸಿದೆ. ನೋಡಬೇಕಾಗಿದ್ದಿದ್ದು ನಾನು."

"ಆ ಅಂದಾಜು ಯಾರು ಹಾಕಿದ್ದು?"

ಎದುರಿಗೆ ಕೂತಿದ್ದವನು ತನ್ನ ಬೂಟಿನ ಲೇಸನ್ನೇ ನೋಡುತ್ತಿದ್ದ.

"ನನ್ನ ಶೀಟಿಗೆ ಬಂದಮೇಲೆ ಅದು ನನ್ನದೇ," ಅಂದೆ.

ಇದು ಪೂರ್ತಿ ಸತ್ಯವೋ, ಮುಕ್ಕಾಲು ಸತ್ಯವೋ ನನಗೆ ಇವತ್ತಿಗೂ ಇತ್ಯರ್ಥವಾಗಿಲ್ಲ. ತಾಳೆ ನೋಡುವ ಹೊಣೆ ನನ್ನದೇ ಆಗಿತ್ತು, ಅಷ್ಟಂತೂ ಖಚಿತ.

"ಸಪ್ಲೈಯರನ್ನ ನಾಳೆ ಕಮಿಟಿಗೆ ಕರೆದಿದೀನಿ, ಗೊತ್ತಾ?" ಅಂದರು. ಧ್ವನಿ ಏರಲಿಲ್ಲ, ಅದಕ್ಕೇ ಇನ್ನೂ ಹೆದರಿಕೆಯಾಯಿತು. "ಅವರಿಗೆ ಬರಬೇಡಿ ಅಂತ ಈಗ ನಾನು ಹೇಳಬೇಕು. ನಾಳೆ ನೀವೇ ಮಾತಾಡಿ. ನಾನು ನಿಮ್ಮ ಪರ ಒಂದು ಶಬ್ದಾನೂ ಆಡಲ್ಲ."

ಶುಕ್ರವಾರ ಅಲ್ಲಿಯ ಗಡಿಯಾರದಲ್ಲಿ ಒಂಬತ್ತಕ್ಕೆ, ಫ್ಯಾಕ್ಟರಿಯ ಕೋಣೆಯಿಂದಲೇ ವೀಡಿಯೊದಲ್ಲಿ ಕೂತೆ. ಪರದೆಯ ಮೇಲೆ ಆರು ಚೌಕಗಳು. ಎರಡೂ ಗೆರೆಗಳನ್ನು ಒಟ್ಟಿಗೆ ತೋರಿಸಿದೆ: ನಾನು ಮೊದಲು ಕಳಿಸಿದ್ದು, ಈಗಿನದು, ನಡುವೆ ಎಲ್ಲೆಲ್ಲಿ ಎಷ್ಟೆಷ್ಟು ಇಳಿಯಿತು ಎಂಬುದು. ಹಣಕಾಸಿನ ಮುಖ್ಯಸ್ಥರು ಮಧ್ಯದಲ್ಲೇ ತಡೆದರು.

"ಹಿಂದಿನ ವರ್ಷಗಳ ನಿಮ್ಮ ಎಲ್ಲಾ ಶೀಟಿನಲ್ಲೂ ಈ ಅರ್ಧ ಪರ್ಸೆಂಟ್ ಇತ್ತಾ?"

"ಇತ್ತು."

"ನಮಗೆ ಹೇಳಿರಲಿಲ್ಲ."

"ಇಲ್ಲ."

ಯಾರೋ ಕೆಮ್ಮಿದರು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ.

"ಈಗ ಇದರಲ್ಲಿ ಎಷ್ಟಿದೆ?"

"ಏನೂ ಇಲ್ಲ."

"ಹಾಗಾದರೆ ಇದು ತಪ್ಪಾಗಲ್ಲ ಅಂತೀರಾ?"

ನನ್ನೊಳಗಿನ ಪ್ರತಿಯೊಂದು ಅಂಗವೂ ಏನಾದರೊಂದು ಮೆತ್ತನೆಯ ಮಾತನ್ನು ಅಡಿಗೆ ಹಾಸು ಎಂದು ಕೂಗುತ್ತಿತ್ತು. "ಆಗತ್ತೆ," ಅಂದೆ. "ಮೇಲಕ್ಕೂ ಆಗಬಹುದು, ಕೆಳಕ್ಕೂ ಆಗಬಹುದು. ಈ ಒಪ್ಪಂದ ಮುಗಿಯೋ ತನಕದ ಸಂಬಳ ಅದರಲ್ಲೇ ಬರೆದಿದೆ, ಅದು ಗೊತ್ತು. ವಿಮೆ ಗೊತ್ತಿಲ್ಲ. ವಿಮೆ ಎಷ್ಟು ಏರಿದರೆ ಗೆರೆ ಮೂರನೇ ವರ್ಷಕ್ಕೆ ಬರತ್ತೆ ಅನ್ನೋದನ್ನ ಕೊನೇ ಹಾಳೆಯಲ್ಲಿ ಬರೆದಿದೀನಿ."

ಅವರು ನನ್ನನ್ನು ಹೊರಗೆ ಹಾಕಿ ನಲವತ್ತು ನಿಮಿಷ ಮಾತಾಡಿಕೊಂಡರು. ಎಂಜಿನಿಯರ್ ಒಂದು ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿ, ಕೊನೆಗೆ ಮುರಿದ.

ಡೈರೆಕ್ಟರ್ ಫೋನ್ ಬಂತು. ಲೈನ್ ಸದ್ಯಕ್ಕೆ ಉಳಿಯಿತು. ಯೂನಿಯನ್ ಒಪ್ಪಂದ ಮುಗಿಯುವ ತನಕ, ಅಂದರೆ ಹದಿನಾಲ್ಕು ತಿಂಗಳು. ಸಪ್ಲೈಯರ್ ಕೊಟೇಶನ್ ಹಾಗೆಯೇ ಕಡತದಲ್ಲಿರುತ್ತದೆ. ಮೂರು ತಿಂಗಳಿಗೊಮ್ಮೆ ನಾನು ನಿಜವಾದ ದರವನ್ನು ನನ್ನ ಅಂದಾಜಿನ ಪಕ್ಕ ಇಟ್ಟು ಕಮಿಟಿಗೆ ಕಳಿಸಬೇಕು, ಅದನ್ನೇ ಲೈನಿನ ಲೀಡಿಗೂ ತಿಳಿಸಬೇಕು. ನನ್ನ ಶೀಟುಗಳಿಗೆ ಇನ್ನು ಮುಂದೆ ಇನ್ನೊಬ್ಬರ ಸಹಿಯೂ ಬೇಕು. ಆ ವರ್ಷದ ಬೋನಸ್ ಬಗ್ಗೆ ಕೇಳುವ ಮೂರ್ಖತನ ಮಾಡಲಿಲ್ಲ.

"ಕೆಲಸ ಇದ್ಯಲ್ಲಾ?" ಎಂದಷ್ಟೇ ಕೇಳಿದೆ.

"ಇವತ್ತಿಗೆ ಇದೆ," ಅಂದರು.

ಎಂಜಿನಿಯರ್ ಕಣ್ಣು ಒರೆಸಿಕೊಂಡು, "ಸರ್, ನೀವು ನನಗ ಅಣ್ಣ ಇದ್ದಂಗ," ಅಂದ.

"ಅಣ್ಣ ಅಂದ್ಕೊಂಡು ಇನ್ನೊಂದು ಸಲ ಬಿಲ್ ಬರೋ ಮುಂಚೆ ಫೈಲ್ ಕಳಿಸು, ನೋಡು ಆಮೇಲೆ."

ಮೊದಲ ಮೂರು ತಿಂಗಳ ಲೆಕ್ಕ ಮೇ ತಿಂಗಳಲ್ಲಿ ಬಂತು. ಈ ಸಲ ನಾನೇ ಬಿಲ್ಲುಗಳನ್ನು ಒಂದೊಂದಾಗಿ ನೋಡಿದೆ. ಸಂಬಳದ ಸಾಲು ನನ್ನ ಅಂದಾಜಿಗೆ ಸರಿಯಾಗಿ ಕೂತಿತ್ತು. ವಿಮೆಯ ಸಾಲು ಮೇಲಿತ್ತು. ಬಹಳವಲ್ಲ. ಆದರೆ ಕೊನೇ ಹಾಳೆಯಲ್ಲಿ ನಾನು ಬರೆದಿದ್ದ ಅಪಾಯದ ಗೆರೆಗೆ ಇದ್ದ ಜಾಗದಲ್ಲಿ ಸುಮಾರು ಕಾಲು ಭಾಗವನ್ನು ಮೂರೇ ತಿಂಗಳಲ್ಲಿ ತಿಂದುಹಾಕಿತ್ತು. ಕಮಿಟಿಗೆ ಇದ್ದದ್ದನ್ನು ಇದ್ದಂತೆ ಕಳಿಸಿ, ಫ್ಯಾಕ್ಟರಿಗೆ ಫೋನ್ ಮಾಡಿದೆ. ಲೀಡ್ ಬಂದು ಫೋನ್ ಹಿಡಿದರು. ಹಿಂದೆ ಹಾಳೆ ಕತ್ತರಿಸುವ ಯಂತ್ರದ ಸದ್ದು.

"ಮೇಲಾ, ಕೆಳಗಾ?"

"ಮೇಲೆ. ಸ್ವಲ್ಪ."

"ಸ್ವಲ್ಪ ಅಂದ್ರೆ ನನಗೆ ಅರ್ಥ ಆಗಲ್ಲ. ಇನ್ನೆಷ್ಟು ಜಾಗ ಇದೆ?"

ಹೇಳಿದೆ. ದಶಮಾಂಶದ ಸಮೇತ. ಅವರು ಎಲ್ಲೋ ಬರೆದುಕೊಂಡರು. ಚಾಕ್‌ಪೀಸೋ ಪೆನ್ನೋ, ಗೀಚುವ ಸದ್ದು ಕೇಳಿಸಿತು.

"ಇದರಲ್ಲಿ ನೀನು ಏನೂ ಸೇರಿಸಿಲ್ಲ ತಾನೇ?"

"ಇಲ್ಲ. ತೆಗೆದೂ ಇಲ್ಲ."

ಕತ್ತರಿಸುವ ಯಂತ್ರ ಎರಡು ಸಲ ಹೊಡೆಯಿತು.

"ಮನೆ ಸೂರು ಸೋರ್ತಾ ಇದೆ," ಅಂದರು ಕೊನೆಗೆ. "ಈ ಬೇಸಿಗೇಲಿ ಸಾಲ ತಗೊಂಡು ಪೂರ್ತಿ ಹೊಸದು ಹಾಕಿಸೋಣ ಅಂತಿದ್ದೆ. ನಾಳೆ ಸಹಿ ಹಾಕಬೇಕಿತ್ತು. ಬೇಡ. ಸೋರೋ ಕಡೆ ಮಾತ್ರ ತೇಪೆ ಹಾಕಿಸ್ತೀನಿ. ಆಗಸ್ಟಿನಲ್ಲಿ ಫೋನ್ ಮಾಡು," ಅಂದು ಇಟ್ಟರು.

ನನ್ನ ಕೈಯಲ್ಲಿ ಫೋನ್ ಹಾಗೆಯೇ ಇತ್ತು. ಇಷ್ಟು ವರ್ಷ ನನ್ನ ಅಂಕಿಗಳನ್ನು ಕಮಿಟಿಗಳು ಓದಿ ಮಡಿಸಿಟ್ಟಿದ್ದವು. ಒಬ್ಬರು ಅದನ್ನು ನಂಬಿ ತಮ್ಮ ಮನೆಯ ಸೂರನ್ನು ನಿರ್ಧರಿಸಿದ್ದು ಇದೇ ಮೊದಲು. ಕ್ಯಾಲೆಂಡರಿನಲ್ಲಿ ಆಗಸ್ಟ್ ತೆಗೆದು ಗುರುತು ಹಾಕಿದೆ.